ಮೆಣಸಿನ ಹೊಲ ಮುಟ್ಟಿದವರು

ದೇವದುರ್ಗದ ಕಡೆಯಿಂದ ನೀರಮಾನ್ವಿಗೆ ಸೊಸೆಯಾಗಿ ಬಂದ ಅಯ್ಯಮ್ಮ ಇಪ್ಪತ್ತು ವರ್ಷದಿಂದ ಮಂದಿಯ ಮೆಣಸಿನಕಾಯಿ ಹೊಲದಲ್ಲಿ ಕಳೆ ತೆಗೆದವಳು. ಈಗ ಹನ್ನೆರಡು ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಚೀಕಲಪರ್ವಿಯ ವಿರೂಪಣ್ಣನ ಹೊಲದಲ್ಲಿ ಹಳೇ ಕಟ್ಟಳೆ: ಮುಟ್ಟಾದ ಹೆಂಗಸು ಮೆಣಸಿನ ಸಾಲಿಗೆ ಕಾಲಿಡಬಾರದು.

ಆ ಸಲ ನಾಲ್ಕೂ ಎಕರೆಯಲ್ಲಿ ಅಲ್ಲಲ್ಲಿ ಎಲೆಗಳು ಹಳದಿ ಮಚ್ಚೆಯಾಗಿ ಮುರುಟತೊಡಗಿದವು. ವಿರೂಪಣ್ಣ ಎಲ್ಲರೆದುರು, ಗುಂಪಿಗೆ ಹೊಸದಾಗಿ ಸೇರಿದ್ದ ಉಮಾದೇವಿಯತ್ತ ಬೆರಳು ಮಾಡಿದ.

"ಮುಟ್ಟಾದಾಕಿ ಹೊಲಾ ಹೊಕ್ಕಾಳ. ನಾಳಿಯಿಂದ ನಿಮ್ಮ ಗುಂಪೇ ಬ್ಯಾಡ."

ಉಮಾದೇವಿ ತಲೆ ಎತ್ತಲಿಲ್ಲ. ಮರುದಿನ ಪಕ್ಕದ ಹೊಲದವರೂ, "ಆಕಿನ್ನ ಬಿಟ್ಟು ಬರ್ರಿ" ಎಂದರು.

ಅಯ್ಯಮ್ಮ ರೋಗದ ಗಿಡವೊಂದನ್ನು ಕಿತ್ತು, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಬಿಗಿದು ರಾಯಚೂರಿನ ಬಸ್ಸು ಹತ್ತಿದಳು. ಅಲ್ಲಿಯ ಕೃಷಿ ಕಾಲೇಜಿನಲ್ಲಿ ಬೆಳೆರೋಗ ನೋಡುವ ವಿಜಯಶ್ರೀ ಎಲೆ ಮಗುಚಿ ಭೂತಗನ್ನಡಿ ಹಿಡಿದಳು. ಎಲೆಯ ಬೆನ್ನಿಗೆ ಸಾಸಿವೆಗಿಂತ ಸಣ್ಣ, ಗಿಡದ ರಸ ಹೀರುವ ಹಸಿರು ಹೇನುಗಳು.

"ಇದರ ಬಾಯಿ ಸೂಜಿ ಇದ್ದಂಗ. ರೋಗದ ಗಿಡಕ್ಕ ಚುಚ್ಚಿ, ಹಾರಿ ಹೋಗಿ ಚೊಲೋ ಗಿಡಕ್ಕ ಚುಚ್ಚಿದ್ರ ವೈರಸ್ ದಾಟ್ತದ. ಒಂದು ನಿಮಿಷನೂ ಬೇಕಿಲ್ಲ."

"ಹುಳಾ ಸಾಯೋ ಎಣ್ಣಿ ಹೊಡೆದ್ರ?"

"ಸಾಯೋದರೊಳಗ ದಾಟಿರ್ತದ. ಕೆಲವು ಹೇನು ಎಣ್ಣಿಗೆ ಬೆದರಿ ಇನ್ನೂ ನಾಕು ಗಿಡಕ್ಕ ಕುಂದ್ರತಾವ. ರೋಗದ ಗಿಡ ಕಂಡ ಕೂಡ್ಲೇ ಕೀಳಬೇಕು. ಸುತ್ತ ಜ್ವಾಳ ಬಿತ್ತಿದ್ರ ಹೇನು ಮೊದಲು ಅದಕ್ಕ ಚುಚ್ಚತದ, ಬಾಯಾಗಿನ ವೈರಸ್ ಅಲ್ಲೇ ಉಳೀತದ. ಜ್ವಾಳಕ್ಕ ಆ ರೋಗ ಹತ್ತಂಗಿಲ್ಲ."

"ಹಂಗಾರ ಮುಟ್ಟಿದ್ದು ಇದು," ಎಂದಳು ಅಯ್ಯಮ್ಮ. "ಮೈಲಿಗಿ ಮಾತ್ರ ನಮ್ಮ ಹುಡುಗಿಗೆ."

ಹೇನಿನ ಮೇಲೆ ಸಿಟ್ಟು ಮಾಡಿ ಏನು ಬಂತು? ಅದಕ್ಕೆ ಹೊಟ್ಟೆಯೊಂದೇ ಗೊತ್ತು. ವಿರೂಪಣ್ಣ ವಾರಕ್ಕೊಮ್ಮೆ ಎಣ್ಣೆ ಹೊಡೆಸಿದ್ದ. ಜಾಗ ತಿನ್ನುತ್ತದೆಂದು ಬದುವಿನ ಜೋಳ ಕೀಳಿಸಿದ್ದ. ಒಮ್ಮೆಯೂ ಎಲೆ ಮಗುಚಿ ನೋಡದ ಗಂಡಸು ಕೂಲಿ ಹೆಂಗಸರ ಮೈಯ ಪಂಚಾಂಗ ಹಿಡಿದು ಕೂತಿದ್ದ.

ಊರಿಗೆ ಮರಳಿದ ಅಯ್ಯಮ್ಮ ಹೊಲದಲ್ಲೇ ಅವನಿಗೆ ಹೇನು ತೋರಿಸಿ, ವಿಜಯಶ್ರೀ ಹೇಳಿದ್ದನ್ನೂ ಹೇಳಿದಳು. ಅವನು ಬಹಳ ಹೊತ್ತು ನೋಡಿದ.

"ಆತು ಬೇ. ನಾಳಿ ಬಂದು ರೋಗದ ಗಿಡ ಕೀಳ್ರಿ. ಆಕಿನ್ನೂ ಕರ್ಕೊಂಡು ಬಾ."

"ಎಲ್ಲಾರ ಮುಂದ ಅಂದೀ ಯಪ್ಪಾ. ತಪ್ಪಾತು ಅನ್ನೋದೂ ಎಲ್ಲಾರ ಮುಂದ ಅನ್ನು."

"ಕೂಲಿಯಾಕಿಗೆ ನಾನು ತಪ್ಪಾತು ಅನಬೇಕೇನು?"

"ಬ್ಯಾಡ ಬಿಡು. ನೀನೇ ಕೀಳು."

ಬೇರೆ ಕೂಲಿಯವರು ಸಿಗದೆ ಎರಡು ದಿನ ವಿರೂಪಣ್ಣ ಒಬ್ಬನೇ ಸೊಂಟ ಬಗ್ಗಿಸಿದ. ಅರ್ಧ ಎಕರೆಯೂ ಮುಗಿಯಲಿಲ್ಲ. ಅಷ್ಟರಲ್ಲಿ ಇನ್ನಷ್ಟು ಗಿಡ ಹಳದಿಯಾದವು. ಮೂರನೇ ದಿನ ಬೆಳಿಗ್ಗೆ ನೀರಮಾನ್ವಿಗೆ ಬಂದು, ಕೆಲಸಕ್ಕೆ ಹೊರಟಿದ್ದ ಹೆಂಗಸರೆದುರು ನೆಲ ನೋಡುತ್ತ, "ತಪ್ಪಾತವ್ವಾ" ಅಂದ.

"ನನಗ ಕೇಳಲಿಲ್ರಿ," ಎಂದಳು ಉಮಾದೇವಿ.

ವಿರೂಪಣ್ಣ ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಅಂದ.