ಚೈತ್ರಾಳ ಹಾಡಿನ ನೊರೆ

ಗೆಳೆಯರೇ, ಇವತ್ತು ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಮ್ಯೂಸಿಕ್ ವಿಡಿಯೊ ಸ್ಪರ್ಧೆ. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. ಕಂಪ್ಯೂಟರಿನಲ್ಲಿ ಎಫೆಕ್ಟ್ ಸೇರಿಸಬಾರದು ಎಂಬುದು ನಿಯಮ.

ಎರಡನೇ ವರ್ಷದ ಚೈತ್ರಾಳ ಹಾಡಿಡೀ ಒಂದೇ ಶಾಟ್. ಅವಳ ಅಜ್ಜಿ ನಮ್ಮೂರ ಕೆರೆ ಏರಿಯ ಮೇಲೆ ನಡೆಯುತ್ತಾರೆ, ಕ್ಯಾಮೆರಾ ಹಿಂದೆಯೇ ಹೋಗುತ್ತದೆ. ಪಕ್ಕದಲ್ಲಿ ಕಡು ಹಸಿರು ನೀರು, ಅದರ ಮೇಲೆ ಮೊಣಕಾಲೆತ್ತರದ ಬಿಳಿ ನೊರೆ.

ಬೆಂಗಳೂರಿನಿಂದ ಬಂದಿದ್ದ ಸಿನಿಮಾ ಮೇಷ್ಟ್ರು ವಿಡಿಯೊ ನಿಲ್ಲಿಸಿದರು. "ಕ್ಯಾಮೆರಾ ಮೂವ್‌ಮೆಂಟ್ ಚೆನ್ನಾಗಿದೆ ಕಣಮ್ಮಾ. ಆದ್ರೆ ಈ ನೊರೆ, ಈ ಕಲರ್ ಎಲ್ಲಾ ಎಫೆಕ್ಟು. ರೂಲ್ಸ್ ಓದ್ಲಿಲ್ವಾ?"

"ಎಫೆಕ್ಟಲ್ಲ ಸಾರ್, ಫ್ಯಾಕ್ಟ್ರಿ ನೀರು. ಗಾಡೀಲಿ ಹತ್ತೇ ನಿಮಿಷ, ಬನ್ನಿ ತೋರಿಸ್ತೀನಿ."

"ಟೈಮಿಲ್ಲಮ್ಮಾ."

ಆ ಕೆರೆಯಲ್ಲಿ ಈಜು ಕಲಿತವನು ನಾನು. ಹುಡುಗಿ ಹೇಳುತ್ತಿರುವುದು ನಿಜ ಎಂದೆ. ಮೂರನೆಯ ತೀರ್ಪುಗಾರರು ಕಾಲೇಜಿನ ಪ್ರಾಂಶುಪಾಲರು. ಅದೇ ಏರಿಯ ಮೇಲೆ ದಿನವೂ ಕಾರಿನ ಗಾಜು ಏರಿಸಿಕೊಂಡು ಬರುವವರು. "ರೂಲ್ಸ್ ಅಂದ್ರೆ ರೂಲ್ಸು ಸಾರ್" ಎಂದರು. ಚೈತ್ರಾ ಸ್ಪರ್ಧೆಯಿಂದ ಹೊರಗೆ.

ಮೊದಲ ಬಹುಮಾನ ಪಡೆದ ಡ್ರೋನ್ ವಿಡಿಯೊದಲ್ಲೂ ಇರುವುದು ಅದೇ ಕೆರೆ. ನೀರು ಅಚ್ಚ ನೀಲಿ. ಅದರಲ್ಲಿ ಮಾತ್ರ ಅವರಿಬ್ಬರಿಗೂ ಯಾವ ಎಫೆಕ್ಟೂ ಕಾಣಿಸಲಿಲ್ಲ.