ಎದುರು ಕಟ್ಟಡದ ಮೇಲಿನ ಕಣ್ಣು

ಊಟಿಗೂ ವಯನಾಡಿಗೂ ಹೋಗುವವರು ಒಂದು ರಾತ್ರಿ ತಂಗುವ ಗುಂಡ್ಲುಪೇಟೆಯಲ್ಲಿ, ಗಾಲಿಕುರ್ಚಿಯಲ್ಲಿ ಬರುವ ಅತಿಥಿಯೂ ಯಾರ ಹಂಗಿಲ್ಲದೆ ತನ್ನ ಕೋಣೆ ಸೇರಬಹುದೆಂದು ಮಾಡಿ ತೋರಿಸಿದವರಲ್ಲಿ ಶ್ರೀ ಮರಿಮಲ್ಲಪ್ಪನವರು ಎರಡನೆಯವರು. ‘ಎರಡನೆಯವರು’ ಎಂಬ ಮಾತನ್ನು ಅವರೆದುರು ಆಡುವ ಧೈರ್ಯ ಯಾರಿಗೂ ಇಲ್ಲದ ಕಾರಣ ಅದನ್ನು ಅಚ್ಚಿನಲ್ಲಿ ಹೇಳಬೇಕಾಗಿದೆ. ಅವರ ಶಿಸ್ತು, ಸೌಜನ್ಯ, ಸಮಯಪಾಲನೆಗಳನ್ನು ಈ ಅಭಿನಂದನಾ ಸಂಪುಟದ ಉಳಿದ ಲೇಖನಗಳು ಕೊಂಡಾಡಲಿವೆ. ಈ ಲೇಖನದ ವಿಷಯ ಅವರ ಹೊಟ್ಟೆಕಿಚ್ಚು.

ಉಡಿಗಾಲದ ಅರಿಶಿನ ಬೆಳೆಗಾರರ ಮನೆಯಲ್ಲಿ ಹುಟ್ಟಿ, ಚಾಮರಾಜನಗರದಲ್ಲಿ ಭೌತಶಾಸ್ತ್ರ ಓದಿದ ಮರಿಮಲ್ಲಪ್ಪನವರು ‘ಹೊನ್ನರಿಶಿನ’ ವಸತಿಗೃಹಕ್ಕೆ ಗುಮಾಸ್ತರಾಗಿ ಬಂದು, ವ್ಯವಸ್ಥಾಪಕರಾಗಿ ಈ ವರ್ಷ ನಿವೃತ್ತರಾಗಿದ್ದಾರೆ. ಆ ಕಟ್ಟಡಕ್ಕೆ ಎತ್ತರದ ಮೆಟ್ಟಿಲು. ಪ್ರತಿ ಬಾಗಿಲಿಗೂ ತೇಗದ ದಪ್ಪ ಹೊಸ್ತಿಲು. ಶುಕ್ರವಾರ ಎಲ್ಲ ಹೊಸ್ತಿಲಿಗೂ ಅರಿಶಿನ ಬಳಿದು ಕುಂಕುಮವಿಡುವುದು ಮಾಲೀಕರ ಮನೆಯಿಂದ ಬಂದ ಪದ್ಧತಿ.

ಮಣ್ಣು ಪರೀಕ್ಷೆಯ ಅಧಿಕಾರಿ ನಯನಾ ಅವರು ರೈತರ ತರಬೇತಿಗೆಂದು ಚಾಮರಾಜನಗರದಿಂದ ಬಂದಾಗಲೆಲ್ಲ ಇಳಿದುಕೊಳ್ಳುತ್ತಿದ್ದುದು ಇಲ್ಲಿಯೇ. ಅಪಘಾತವೊಂದರ ನಂತರ ಅವರು ಗಾಲಿಕುರ್ಚಿ ಬಳಸುವವರು. ಅವರ ಕಾರು ನಿಂತೊಡನೆ ಮರಿಮಲ್ಲಪ್ಪನವರು, “ಬನ್ರಲಾ, ಮೇಡಮ್ಮೋರು ಬಂದ್ರು!” ಎಂದು ಕೂಗುವರು, ಕೆಲಸದಾಳು ಪುಟ್ಟಮಾದು ಮತ್ತೊಬ್ಬನೊಡನೆ ಬಂದು ಕುರ್ಚಿಯನ್ನು ಹೂವಿನಂತೆ ಎತ್ತಿ ಒಳಗಿಡುವನು. ಇಂಥ ಮರ್ಯಾದೆ ಜಿಲ್ಲೆಯಲ್ಲೇ ಬೇರೆಲ್ಲೂ ಇಲ್ಲವೆಂದು ಮರಿಮಲ್ಲಪ್ಪನವರು ನಂಬಿದ್ದರು.

ಹೀಗಿರುವಾಗ ಒಂದು ಸಲ ನಯನಾ ಅವರ ಕಾರು ರಸ್ತೆಯ ಆ ಬದಿಗೆ, ನಾಗರತ್ನಮ್ಮನವರ ಲಾಡ್ಜಿನ ಮುಂದೆ ನಿಂತಿತು. ಮುಂದಿನ ಸಲವೂ ಅಲ್ಲಿಯೇ. ಕೌಂಟರಿನಲ್ಲಿ ಕೂತ ಮರಿಮಲ್ಲಪ್ಪನವರಿಗೆ ಊಟ ಸೇರದಾಯಿತು.

“ಅಲ್ಲಿ ಏನಪ್ಪಾ ಅಂಥದ್ದು?”

“ಉಪ್ಪಿಟ್ಟು ಬಲು ಚೆನ್ನಾಗದಂತೆ ಸಾ,” ಎಂದ ಪುಟ್ಟಮಾದು.

“ಓಗಲಾ! ಉಪ್ಪಿಟ್ಟು ತಿನ್ನಕ್ಕೆ ಯಾರಾದ್ರೂ ಲಾಡ್ಜ್ ಬದಲಾಯಿಸ್ತಾರಾ?”

ಮಗಳ ಮದುವೆಯ ಆಹ್ವಾನಪತ್ರಿಕೆಯ ನೆಪ ಹೂಡಿ ಅವರು ಎದುರು ಕಟ್ಟಡಕ್ಕೆ ಹೋದರು. ಅಲ್ಲಿ ಮೆಟ್ಟಿಲಿನ ಪಕ್ಕ ರ‍್ಯಾಂಪ್ ಇತ್ತು. ಅಷ್ಟು ಸಾಕಾಯಿತು. ತಿಂಗಳೊಳಗೆ ‘ಹೊನ್ನರಿಶಿನ’ಕ್ಕೂ ರ‍್ಯಾಂಪ್ ಬಂತು. ಇಳಿಜಾರಿನ ಲೆಕ್ಕವನ್ನು ಸ್ವತಃ ಹಾಕಿ, ಅದು ಎದುರಿನದಕ್ಕಿಂತ ಸಲೀಸೆಂದು ಖಚಿತಪಡಿಸಿಕೊಂಡು, ಮೇಲೆ ಕನ್ನಡಿಯಂತೆ ಹೊಳೆಯುವ ಗ್ರಾನೈಟ್ ಹಾಸಿಸಿ, ನಯನಾ ಅವರನ್ನು ಫೋನಿನಲ್ಲಿ ಆಹ್ವಾನಿಸಿದರು.

ಅವರು ಬಂದರು. ಚಕ್ರಕ್ಕೆ ಕೈ ಹಾಕುವಷ್ಟರಲ್ಲಿ ಪುಟ್ಟಮಾದು ಮತ್ತೊಬ್ಬನೊಡನೆ ಓಡಿ ಬಂದು ಅಭ್ಯಾಸಬಲದಿಂದ ಕುರ್ಚಿಯನ್ನು ಎತ್ತಿಯೇ ಬಿಟ್ಟ. ಹೊಸ ರ‍್ಯಾಂಪಿನ ಮೇಲೆ, ನೆಲ ಸೋಕದಂತೆ, ಹಳೆಯ ಮೆರವಣಿಗೆ! ಮುಂದೆ ಮರಿಮಲ್ಲಪ್ಪನವರು.

“ಇಳಿಸಿ,” ಎಂದರು ನಯನಾ. “ಸಾರ್, ನಾನು ಮೆಟ್ಲು ಅಂತ ಇಲ್ಲಿಂದ ಓಗಲಿಲ್ಲ. ಸಂಜೆ ಒಂದು ಟೀ ಕುಡಿಯನ ಅನ್ಸಿದ್ರೆ ನಿಮ್ಮೋರು ಇಬ್ರನ್ನ ಕೂಗ್ಬೇಕಿತ್ತು. ಅದಕ್ಕೇ ಕುಡೀದೆ ಸುಮ್ನೆ ಇರ್ತಿದ್ದೆ. ಅಲ್ಲಿ ಯಾರ್ನೂ ಕೇಳ್ಬೇಕಾಗಿಲ್ಲ.” ಅವರೇ ಏರಲು ನೋಡಿದರೆ ಗ್ರಾನೈಟಿನ ಮೇಲೆ ಚಕ್ರ ಜಾರಿತು; ಹೇಗೋ ಮೇಲೆ ಬಂದರೆ ಹೊಸ್ತಿಲು ತಡೆಯಿತು. ಕಾರು ಮತ್ತೆ ರಸ್ತೆ ದಾಟಿತು.

ಅಂದಿನಿಂದ ಮರಿಮಲ್ಲಪ್ಪನವರ ಅಸೂಯೆಗೆ ಒಂದು ನಿಖರತೆ ಬಂತು. ಎದುರಿನ ಕಟ್ಟಡದ ಮೇಲೆ, ಉಪ್ಪಿಟ್ಟಿನ ಮೇಲೆ ಇದ್ದ ಕಿಚ್ಚೆಲ್ಲ ಒಂದು ಲೋಟ ಟೀಯ ಮೇಲೆ ಬಂದು ನಿಂತಿತು. ಆ ಟೀ, ನಯನಾ ಅವರು ‘ಹೊನ್ನರಿಶಿನ’ದ ಬಾಗಿಲಿನಿಂದ ಒಬ್ಬರೇ ಹೊರಟು ಕುಡಿದದ್ದಾಗಬೇಕಿತ್ತು. ಕೊನೆಗೆ, ಯಾವ ನೆಪವೂ ಇಲ್ಲದೆ, ಅವರು ರಸ್ತೆ ದಾಟಿ ನಾಗರತ್ನಮ್ಮನವರ ಮುಂದೆ ನಿಂತರು.

“ನಿಮ್ಮ ಬಾಗಲು, ಬಚ್ಚಲುಮನೆ ನೋಡ್ಬೇಕಿತ್ತು ಕಣಮ್ಮ.”

“ಯಾಕಣ್ಣಾ, ಒಟ್ಟೆ ಉರೀತದಾ?”

“ಉರೀತದೆ.”

ಆಕೆ ಜೋರಾಗಿ ನಕ್ಕರು. “ಉರೀಲಿ ಬುಡು, ಒಳ್ಳೇದೇ. ಬಾ, ತೋರಿಸ್ತೀನಿ.” ಅಗಲವಾದ ಬಚ್ಚಲ ಬಾಗಿಲು, ಹಿಡಿಗಂಬಿ, ಕೂತವರ ಕೈಗೆ ಎಟಕುವ ಸ್ವಿಚ್ಚುಗಳು. ಹೊಸ್ತಿಲು ಮಾತ್ರ ಎಲ್ಲಿಯೂ ಕಾಣಲಿಲ್ಲ. ಬಗ್ಗಿ ನೋಡಿದರೆ, ಮರದ ಪಟ್ಟಿಯೊಂದು ನೆಲದ ಮಟ್ಟಕ್ಕೆ ಹುದುಗಿತ್ತು. ಅದರ ಮೇಲೆ ಅರಿಶಿನ, ಕುಂಕುಮ. “ಲಕ್ಷ್ಮಿಗೆ ಎಡವಕ್ಕೆ ಕಟ್ಟೆ ಬೇಕಾ ಅಣ್ಣಾ?” ಎಂದರು ನಾಗರತ್ನಮ್ಮ. ಅಂದು ರಾತ್ರಿ ಮರಿಮಲ್ಲಪ್ಪನವರಿಗೆ ನಿದ್ದೆ ಬರಲಿಲ್ಲವೆಂದು ಅವರ ಮನೆಯವರಾದ ಮಂಗಳಗೌರಿಯವರು ಹೇಳುತ್ತಾರೆ. ಹೊಸ್ತಿಲು ಹುದುಗಿಸುವಷ್ಟು ಸುಲಭದ ಉಪಾಯ ಅರಿಶಿನದ ಮನೆಯಲ್ಲಿ ಹುಟ್ಟಿದ ತಮಗೆ ಹೊಳೆಯದೆ ಆಕೆಗೆ ಹೊಳೆದದ್ದು ಅವರನ್ನು ಇಂದಿಗೂ ಸುಡುತ್ತದೆ.

ಮಾಲೀಕರನ್ನು ಒಪ್ಪಿಸಿ ನೆಲಮಹಡಿಯ ಹೊಸ್ತಿಲುಗಳನ್ನು ಅವರು ನೆಲಕ್ಕಿಳಿಸಿದರು. ಗ್ರಾನೈಟ್ ಕೀಳಿಸಿ ತರಿತರಿಯಾದ ಕಲ್ಲು ಹಾಕಿಸಿದರು. ಕೇಳದ ಹೊರತು ಯಾವ ಅತಿಥಿಯ ಕುರ್ಚಿಯನ್ನೂ ಮುಟ್ಟಬಾರದೆಂದು ಆಳುಗಳಿಗೆ ಹೇಳಿದರು. ಮತ್ತೆ ಫೋನು ಮಾಡಲಿಲ್ಲ, ಕಾದರು. ಮುಂದಿನ ಬೇಸಿಗೆಯಲ್ಲಿ, ನಾಗರತ್ನಮ್ಮನವರಲ್ಲಿ ಕೋಣೆ ಖಾಲಿಯಿಲ್ಲದ ಒಂದು ದಿನ, ನಯನಾ ಅವರ ಕಾರು ಈ ಬದಿಗೆ ಬಂತು.

ಸಂಜೆ ಅವರ ಕೋಣೆಯ ಬಾಗಿಲು ತೆರೆಯಿತು. ಚಕ್ರಗಳು ಹೊಸ್ತಿಲು ದಾಟಿ, ಕೌಂಟರಿನ ಮುಂದೆ ಹಾದು, ರ‍್ಯಾಂಪಿನ ಕಡೆ ಹೊರಳಿದವು. ಪುಟ್ಟಮಾದು ಹೆಜ್ಜೆಯೆತ್ತಿದ. ಮರಿಮಲ್ಲಪ್ಪನವರು ಕಣ್ಣಲ್ಲೇ ಅವನನ್ನು ತಡೆದರು. ತಾವು ಏಳದಂತೆ ಮೇಜನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಇಡೀ ಸೇವಾವಧಿಯಲ್ಲಿ ಅದಕ್ಕಿಂತ ಕಷ್ಟದ ಕೆಲಸವನ್ನು ಅವರು ಮಾಡಿರಲಾರರು. ನಯನಾ ಅವರು ಮೂಲೆಯ ಅಂಗಡಿಗೆ ಒಬ್ಬರೇ ಹೋಗಿ, ನಿಧಾನವಾಗಿ ಒಂದು ಟೀ ಕುಡಿದರು.

ಕುಡಿದವರು ನೇರ ಎದುರು ಲಾಡ್ಜಿಗೆ ಹೋಗಿ, ನಾಗರತ್ನಮ್ಮನವರೊಡನೆ ಕತ್ತಲಾಗುವವರೆಗೆ ಹರಟಿದರು. “ನೋಡ್ಲಾ, ನಮ್ಮ ಗೆಸ್ಟು!” ಎಂದು ಮರಿಮಲ್ಲಪ್ಪನವರು ಹಲ್ಲು ಕಡಿದದ್ದನ್ನು ಪುಟ್ಟಮಾದು ಇಂದಿಗೂ ನಟಿಸಿ ತೋರಿಸುತ್ತಾನೆ.

ಈಗ ನಾಗರತ್ನಮ್ಮನವರು, ಕಿವಿ ಕೇಳದ ಅತಿಥಿಗಳಿಗಾಗಿ, ಗಂಟೆಯ ಗುಂಡಿ ಒತ್ತಿದರೆ ಒಳಗೆ ಹೊತ್ತಿಕೊಳ್ಳುವ ದೀಪಗಳನ್ನು ಹಾಕಿಸಿದ್ದಾರೆ. ನಿವೃತ್ತರಾದ ಮಾರನೆಯ ದಿನವೇ ಮರಿಮಲ್ಲಪ್ಪನವರು ಅದನ್ನು ನೋಡಲು ರಸ್ತೆ ದಾಟಿದರೆಂಬ ಸುದ್ದಿ ಬಂದಿದೆ. ಅವರಿಗೆ ತುಂಬು ಆಯುಸ್ಸೂ ಗಟ್ಟಿ ಮೊಣಕಾಲೂ ಇರಲಿ. ನಾಗರತ್ನಮ್ಮನವರು ಸದಾ ಒಂದು ಹೆಜ್ಜೆ ಮುಂದಿರಲಿ. ಮರಿಮಲ್ಲಪ್ಪನವರ ಒಡಲ ಉರಿ ಎಂದೆಂದೂ ಆರದಿರಲಿ.