ಗುಡ್ಡ ಸುಡದ ಬೇಸಿಗೆಗಳು

ಬಾಡಗಂಡಿಯ ಕಡೆ ಕಬ್ಬು ಕಟಾವಾದ ಹೊಲಗಳಲ್ಲಿ ಉಳಿದ ಒಣಗರಿ, ರವದಿ ಸುಡುವ ವಾಸನೆ ಮೊನ್ನೆ ಬಸ್ಸಿನ ಕಿಟಕಿಯಿಂದ ಒಳಗೆ ಬಂತು. ಪಕ್ಕದವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ನಾಚಿಕೆಯಿಲ್ಲದೆ ಇನ್ನೊಮ್ಮೆ ಉಸಿರೆಳೆದುಕೊಂಡೆ. ನನ್ನ ಸೋದರಮಾವನ ಅಂಗಿಗೆ ಹೆಚ್ಚೂಕಡಿಮೆ ಇದೇ ವಾಸನೆಯಿರುತ್ತಿತ್ತು.

ಮಾವ ಬೀಳಗಿ ಕಡೆಯ ಕುರಿಗಾರ, ಬೀರೇಶ್ವರನ ಭಕ್ತ. ಊರ ಹಿಂದಿನ ಗುಡ್ಡದ ಒಣಹುಲ್ಲಿಗೆ ಪ್ರತಿ ಬೇಸಿಗೆಯಲ್ಲೂ ಬೆಂಕಿ ಇಡುತ್ತಿದ್ದ. ಹಳೆಯದು ಸುಟ್ಟರೆ ಮೊದಲ ಮಳೆಗೆ ಎಳೆಹುಲ್ಲು ಏಳುತ್ತದೆ, ಕುರಿಗಳು ಮೈ ಹಿಡಿಯುತ್ತವೆ. ಆ ಹುಲ್ಲಿನ ನಡುವೆ ಕಮರವೆಂಬ ಕಾಡುಮರದ ಗಿಡಗಳಿದ್ದವು. ಬೆಂಕಿ ಹಾದುಹೋದ ಮೇಲೆ ಕರಿ ಕಡ್ಡಿಗಳಾಗಿ ನಿಲ್ಲುತ್ತಿದ್ದವು. ಮಳೆ ಬಿದ್ದರೆ ಬುಡದಿಂದ ಚಿಗುರುತ್ತಿದ್ದವು. ಮೊಣಕಾಲೆತ್ತರ ಮುಟ್ಟುವಷ್ಟರಲ್ಲಿ ಮತ್ತೆ ಬೆಂಕಿ. ರಜೆಗೆ ಹೋದ ನನಗೆ ಅವುಗಳಿಂದ ಸಿಕ್ಕದ್ದು ಅಂಗಿಯ ತುಂಬ ಮಸಿ, ಅದಕ್ಕಾಗಿ ಅವ್ವನ ಬೈಗುಳ, ಅಷ್ಟೇ.

ಹೀಗಿರುವಾಗ ಒಂದರ ಹಿಂದೊಂದು ವರ್ಷ ಮಳೆ ಕೈಕೊಟ್ಟಿತು. ಹುಲ್ಲೇ ಬೆಳೆಯದ ಮೇಲೆ ಬೆಂಕಿ ಹರಿಯುವುದಾದರೂ ಯಾವುದರ ಮೇಲೆ? ಮಾವ ಹಿಂಡು ಹೊಡೆದುಕೊಂಡು ನದಿಯ ಕಡೆಗೆ ಹೋದ. ಕಮರದ ಬೇರು ಮಾತ್ರ ಬಂಡೆಯ ಸಂದಿಗಿಳಿದು ಎಲ್ಲಿಯದೋ ಹಸಿ ಹುಡುಕಿಕೊಂಡಿತ್ತು. ಸುಡುವವರಿಲ್ಲದೆ, ಮೇಯಿಸುವವರಿಲ್ಲದೆ ಗಿಡಗಳು ಆಳೆತ್ತರ ದಾಟಿದವು. ಮತ್ತೆ ಮಳೆಯಾಯಿತು. ಮಾವ ಮರಳಿ ಬಂದು, ಬೇಸಿಗೆಗೆ ಎಂದಿನಂತೆ ಬೆಂಕಿ ಇಟ್ಟ. ಉರಿ ಕಾಂಡವನ್ನಷ್ಟೇ ಕರ್ರಗೆ ಮಾಡಿತು, ತಲೆ ಮುಟ್ಟಲಿಲ್ಲ. ಮುಂದಿನ ಮಳೆಗಾಲದಲ್ಲಿ ಆ ನೆರಳಿನಡಿ ಹುಲ್ಲು ತೆಳುವಾಯಿತು.

ಮಾವ ಕೊಡಲಿ ಹಿಡಿದು ಹೊರಟ. ಬುತ್ತಿ ತಂದ ಅತ್ತೆ ದಾರಿಗೆ ಅಡ್ಡ ನಿಂತಳು. ಹುಲ್ಲಿಲ್ಲದಿದ್ದರೆ ಕುರಿ ಬದುಕುವುದು ಹೇಗೆ ಎಂದು ಅವನು ಕೇಳಿದ. ಅದು ಖರೆಯೆಂದು ಅವಳೂ ಒಪ್ಪಿದಳು. ಆಮೇಲೆ ಅಂದಳು:

"ಬೆಂಕಿನ ಉಳಿಸೇತಿ ಅವನ್ನ. ಒಂದ ಟೊಂಗಿ ಕಡದು ತಪ್ಪಲಾ ಹಾಕಿ ನೋಡ್ರಿ. ಕುರಿ ಒಲ್ಲೆ ಅಂದ್ರ ನಾನ ಕೊಡ್ಲಿ ಹಿಡೀತೇನಿ."

ಕುರಿಗಳು ಎಲೆಯನ್ನೆಲ್ಲ ತಿಂದು ಟೊಂಗೆ ಬರಿದು ಮಾಡಿದವು. ಅಂದಿನಿಂದ ಮಾವ ಗುಡ್ಡದ ಒಂದು ಬದಿಯನ್ನು ಹುಲ್ಲಿಗಾಗಿ ಸುಡುತ್ತ, ಇನ್ನೊಂದನ್ನು ಮರಗಳಿಗೆ ಬಿಟ್ಟ. ಹಿಂಡು ಮಾತ್ರ ಮೊದಲಿನಷ್ಟು ದೊಡ್ಡದಾಗಲಿಲ್ಲ. ಅದನ್ನು ಅವನು ಕೊನೆಯವರೆಗೂ ಅತ್ತೆಗೆ ನೆನಪಿಸುತ್ತಲೇ ಇದ್ದ.

ಮೊನ್ನೆ ಬಸ್ಸಿಳಿದು ಅತ್ತೆಯ ಜೊತೆ ಗುಡ್ಡ ಹತ್ತಿದೆ. ಈ ಮರಗಳೆಲ್ಲ ನನಗಿಂತ ಚಿಕ್ಕವು, ನನ್ನ ಕಣ್ಣೆದುರೇ ಬೆಳೆದವು ಎಂದು ದೊಡ್ಡಸ್ತಿಕೆಯಿಂದ ಹೇಳಿದೆ. ಅತ್ತೆ ನಕ್ಕಳು.

"ನಾ ಮದವಿಯಾಗಿ ಬಂದಾಗನ ಇದ್ದವು, ಮೊಣಕಾಲಮಟ. ನಿನ್ನ ಅಜ್ಜಿ ಸೊಸಿಯಾಗಿ ಬಂದಾಗೂ ಅಷ್ಟ ಇದ್ದವಂತ."

ಇಳಿಯುವಾಗ ಕಾಲ್ದಾರಿಯ ಮೇಲೇ ಒಂದು ಪುಟ್ಟ ಕಮರದ ಗಿಡ ನಿಂತಿತ್ತು. ಎಳೆಯದೋ ಹಳೆಯದೋ ತಿಳಿಯಲಿಲ್ಲ. ಬಳಸಿಕೊಂಡು ನಡೆದೆ.